ತೇಲಿಸುವ ಪ್ರಮೇಯ

ಷಡಕ್ಷರಿ ಎಂದರೆ ಆರು ಅಕ್ಷರ. ಬರೆದು ಎಣಿಸಿದರೆ ಸಿಗುವುದು ನಾಲ್ಕೇ. ಉಳಿದೆರಡರ ಜಾಗವನ್ನು ನಮ್ಮ ಷಡಕ್ಷರಿ ಮೇಷ್ಟ್ರು ಗಾಂಭೀರ್ಯದಿಂದ ತುಂಬಿಕೊಂಡಿದ್ದಾರೆ. ದುದ್ದದ ಆಚೆ, ಬಸ್ಸಿಳಿದು ಸ್ವಲ್ಪ ನಡೆಯಬೇಕಾದ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳುತ್ತಿರುವ ಇವರು, ಹೆಸರಿಗೆ ತಕ್ಕಂತೆ ಹತ್ತನೇ ತರಗತಿ ಪಾಸಾಗಲು ಆರು ಅಂಶಗಳ ಸೂತ್ರವೊಂದನ್ನು ಕಂಡುಹಿಡಿದಿದ್ದಾರೆ. ನಕ್ಷೆ ಬಿಡಿಸು, ಸರಾಸರಿ ತೆಗೆ, ಹೀಗೆ ಆರನ್ನೂ ಉರು ಹೊಡೆದರೆ ಮೂವತ್ತೈದು ಅಂಕ ಮನೆಬಾಗಿಲಿಗೆ ಬರುತ್ತದಂತೆ. ಹಾಸನದ ತರಬೇತಿಯಲ್ಲಿ ಒಮ್ಮೆ ಇದನ್ನು ಪರದೆಯ ಮೇಲೆ ತೋರಿಸಿ ಮುಕ್ಕಾಲು ಗಂಟೆ ಮಾತಾಡಿದರು. ಹೊಳೆನರಸೀಪುರದ ಮೇಷ್ಟ್ರೊಬ್ಬರು ಕೊನೆಯವರೆಗೂ ತಲೆಯಾಡಿಸಿದರು ಎಂದು ಈಗಲೂ ಹೇಳಿಕೊಳ್ಳುತ್ತಾರೆ. ಅದು ತೂಕಡಿಕೆ ಎನ್ನುವವರೂ ಇದ್ದಾರೆ.

ಸೂತ್ರದ ಐದನೆಯ ಅಂಶ, ಥೇಲ್ಸ್ ಎಂಬ ಗ್ರೀಕನ ಪ್ರಮೇಯ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಉಳಿದೆರಡು ಬಾಹುಗಳು ಒಂದೇ ಅನುಪಾತದಲ್ಲಿ ತುಂಡಾಗುತ್ತವೆ, ಅಷ್ಟೇ. ಮೇಷ್ಟ್ರು ವರ್ಷಕ್ಕೊಮ್ಮೆ ಈ ಪಾಠಕ್ಕೆ ಬಂದಾಗ ತಮ್ಮ ಏಕೈಕ ಹಾಸ್ಯವನ್ನು ಹೊರತೆಗೆಯುತ್ತಾರೆ.

"ಇದು ತೇಲ್ಸೋ ಪ್ರಮೇಯ ಕಣ್ರಯ್ಯ. ಇದನ್ನ ಹಿಡ್ಕಂಡೋರು ಮುಳುಗಲ್ಲ!"

ಮಕ್ಕಳು ತಪ್ಪದೆ ನಗುತ್ತಾರೆ. ಆಂತರಿಕ ಅಂಕ ಮೇಷ್ಟ್ರ ಕೈಯಲ್ಲಿದೆ.

ಈ ಮಾತನ್ನು ನಗದೆ ಕೇಳಿ ಬರೆದುಕೊಂಡವಳು ಒಬ್ಬಳೇ, ಶಾಲೆಯ ಬಿಸಿಯೂಟ ಮಾಡುವ ಕೃಷ್ಣಮ್ಮ. ಹದಿನೆಂಟು ವರ್ಷದ ಹಿಂದೆ ತವರೂರಿನ ಶಾಲೆಯಲ್ಲಿ ಎಲ್ಲ ವಿಷಯ ಪಾಸಾಗಿ ಗಣಿತವೊಂದರಲ್ಲಿ ಉಳಿದವಳು. ಊರಿನ ಅಂಗನವಾಡಿಯಲ್ಲಿ ಸಹಾಯಕಿಯ ಜಾಗ ಖಾಲಿಯಾಗಲಿತ್ತು. ಅದಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಕೃಷ್ಣಮ್ಮನಿಗೆ ಮೂವತ್ತೈದು ತುಂಬಲು ಇನ್ನು ಹತ್ತೇ ತಿಂಗಳು. ಒಂದು ಮೂವತ್ತೈದು ಬೇಗ ಬರಬೇಕು, ಇನ್ನೊಂದು ನಿಧಾನವಾಗಿ ಬರಬೇಕು. ಖಾಸಗಿ ಅಭ್ಯರ್ಥಿಯಾಗಿ ಅರ್ಜಿ ಹಾಕಿ, ಪಾತ್ರೆ ತೊಳೆದ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಕೊನೆಯ ಬೆಂಚಿಗೆ ಬಂದು ಕೂರತೊಡಗಿದಳು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ ಹತ್ತೊಂಬತ್ತು ಬಂತು. ಥೇಲ್ಸನ ಲೆಕ್ಕದ ಜಾಗ ಖಾಲಿ.

"ಇದನ್ಯಾಕಮ್ಮ ಬಿಟ್ಟೆ?"

"ನೀವು ಏಳ್ಕೊಟ್ಟಿದ್ದು ಎ ಬಿ ಸಿ ತ್ರಿಭುಜ ಸಾ. ಇಲ್ಲಿ ಪಿ ಕ್ಯೂ ಆರ್ ಕೊಟ್ಟವ್ರೆ. ಅದು ನಂಗೊತ್ತಿಲ್ಲ."

ಜೊತೆಗೆ ಅಡುಗೆ ಮಾಡುವ ನೇತ್ರಾವತಿ ಬಾಗಿಲಲ್ಲೇ ನಿಂತಿದ್ದಳು. "ಒಳ್ಳೇದೇ ಮಾಡ್ದೆ ಬುಡಕ್ಕ. ಗುರ್ತಿಲ್ದೋರ ತಂಟೆ ನಮಗ್ಯಾಕೆ?"

ಸೂತ್ರ ಸೋತಿದ್ದು ಮೇಷ್ಟ್ರಿಗೆ ನುಂಗಲಾಗಲಿಲ್ಲ. ಮರುದಿನ, ಕೃಷ್ಣಮ್ಮನಿಗೆ ಬುದ್ಧಿ ಹೇಳಲೆಂದೇ ಅಡುಗೆಮನೆಗೆ ಹೋದರು. ನೂರಿಪ್ಪತ್ತು ಮಕ್ಕಳಲ್ಲಿ ಆ ದಿನ ತೊಂಬತ್ತೇ ಹಾಜರಿ. ತೂಗಿಟ್ಟಿದ್ದ ಹದಿನೆಂಟು ಕೇಜಿ ಅಕ್ಕಿಯಿಂದ ಕೃಷ್ಣಮ್ಮ ನಾಲ್ಕೂವರೆ ಕೇಜಿ ವಾಪಸು ತೆಗೆದಳು. ಬೇಳೆಗೂ ಅದೇ ಗತಿ. ಪೆನ್ನಿಲ್ಲ, ಕಾಗದವಿಲ್ಲ. ಮೇಷ್ಟ್ರು ಮನಸ್ಸಿನಲ್ಲೇ ಗುಣಿಸಿ ನೋಡಿದರು. ಸರಿಯಾಗಿತ್ತು. ತಡವಾಗಿದ್ದು ಅವರಿಗೇ.

"ಹೇಗೆ ಲೆಕ್ಕ ಹಾಕ್ದೆ?"

"ಇದ್ರಲ್ಲೇನೈತೆ ಸಾ? ನಾಕರಲ್ಲಿ ಮೂರು ಪಾಲು ಮಕ್ಳು ಬಂದವ್ರೆ. ಅಕ್ಕೀಲೂ ಮೂರು ಪಾಲು, ಬೇಳೇಲೂ ಮೂರು ಪಾಲು. ಒಂದು ತಗ್ಸಿ ಇನ್ನೊಂದು ಅಂಗೇ ಬುಟ್ರೆ ಊಟ ಕೆಡ್ತದೆ."

ಮೇಷ್ಟ್ರು ಜೇಬಿನ ಸೀಮೆಸುಣ್ಣ ತೆಗೆದು ನೆಲದ ಮೇಲೆ ತ್ರಿಭುಜ ಎಳೆದರು. "ಈ ಬಾಹು ಅಕ್ಕಿ, ಆ ಬಾಹು ಬೇಳೆ. ನಡುವೆ ಅಡ್ಡಗೆರೆ ಇವತ್ತಿನ ಹಾಜರಿ."

ಕೃಷ್ಣಮ್ಮ ಸೌಟು ಹಿಡಿದೇ ಬಗ್ಗಿ ನೋಡಿದಳು. "ಅಯ್ಯೋ, ಇಷ್ಟೇನಾ! ಅಂಗಾರೆ ಪಿ ಆದ್ರೇನು, ಕ್ಯೂ ಆದ್ರೇನು ಸಾ? ಹೆಸರು ಯಾರ್ದಾದ್ರೂ ಉಣ್ಣೋದು ಅದೇ ಅನ್ನ."

ಆಮೇಲೆ ಗಣಿತವೆಲ್ಲ ಅಡುಗೆಮನೆಯ ದಾರಿಯಲ್ಲೇ ಬಂತು. ಸರಾಸರಿ ಮೊಟ್ಟೆಯ ಲೆಕ್ಕದಲ್ಲಿ ಬಂತು, ಸಿಲಿಂಡರಿನ ಘನಫಲ ಸಾರಿನ ಪಾತ್ರೆಯಲ್ಲಿ ಬಂತು. ಸ್ಟಾಫ್ ರೂಮಿನಲ್ಲಿ ಮೇಷ್ಟ್ರು, "ನಾನು ಬೇಕಂತಲೇ ಅಲ್ಲಿಗೆ ಹೋಗಿದ್ದು. ಅದೊಂದು ತಂತ್ರ" ಎಂದರು.

ಹಾಸನದಲ್ಲಿ ಪರೀಕ್ಷೆ ಬರೆದು ಬಂದ ಕೃಷ್ಣಮ್ಮನ ಮುಖ ಅರಳಿತ್ತು. "ಈ ಸಲ ಎಲ್ ಎಮ್ ಎನ್ ಅಂತ ಹೊಸ್ಬರು ಬಂದಿದ್ರು ಸಾ. ನಾನು ಬುಡ್ಲಿಲ್ಲ."

"ಭೇಷ್! ಯಾವ ಪ್ರಮೇಯದಿಂದ ಅಂತ ಕಾರಣ ಬರೆದ್ಯಾ?"

"ಬರ್ದೆ. ತೇಲಿಸುವ ಪ್ರಮೇಯ."

ಮೇಷ್ಟ್ರು ಅಲ್ಲೇ ಇದ್ದ ಅಕ್ಕಿಮೂಟೆಯ ಮೇಲೆ ಕೂತರು.

"ನೀವು ಬಾಯಲ್ಲಿ ತೇಲ್ಸೋ ಅಂತೀರ. ಅದು ನಮ್ ಕಡೆ ಮಾತು, ಅಂಗೇ ಬರುದ್ರೆ ಮಾರ್ಕ್ಸ್ ಕಳೀತಾರೆ ಅಂತ ಶುದ್ಧವಾಗಿ ಬರ್ದೆ. ತಪ್ಪಾಯ್ತಾ ಸಾ?"

ಇಪ್ಪತ್ತೆರಡು ವರ್ಷದಲ್ಲಿ ಮಾಡಿದ್ದು ಒಂದೇ ಹಾಸ್ಯ. ಅದನ್ನು ನಂಬಿದವಳೂ ಒಬ್ಬಳೇ. ಪ್ರಶ್ನೆಪತ್ರಿಕೆ ಹಿಡಿದು ಅವಳಿಂದ ಉತ್ತರ ಕೇಳಿ ಕೇಳಿ ಕೂಡಿದರೆ ಮೂವತ್ತಾರು ಆಗುತ್ತಿತ್ತು. ಆ ಹೆಸರಿನ ತಪ್ಪಿಗೆ ಒಂದು ಅಂಕ ಹೋದರೆ ಬದುಕಿದಳು, ಎರಡು ಹೋದರೆ ಇಲ್ಲ. ಒಂದು ತಿಂಗಳು ಮೇಷ್ಟ್ರಿಗೆ ಊಟ ರುಚಿಸಲಿಲ್ಲ. ಆರು ಅಂಶಗಳ ಸೂತ್ರದ ಮಾತನ್ನಂತೂ ಎತ್ತಲೇ ಇಲ್ಲ.

ಫಲಿತಾಂಶದ ದಿನ ಮೊಬೈಲಿನಲ್ಲಿ ನಂಬರು ಒತ್ತುವಾಗ ಅವರ ಬೆರಳು ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಬಂತು: ಮೂವತ್ತೈದು. ಹೋದ ಆ ಒಂದು ಅಂಕ ಯಾರ ಖಾತೆಗೆ ಸೇರಿದ್ದೆಂದು ಮೇಷ್ಟ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೃಷ್ಣಮ್ಮನ ಇನ್ನೊಂದು ಮೂವತ್ತೈದಕ್ಕೆ ಆಗ ಎರಡು ತಿಂಗಳು ಬಾಕಿ ಇತ್ತು. ಗಾಂಭೀರ್ಯ ಮರೆತು, ಸ್ಕೂಟರನ್ನೂ ಮರೆತು, ಅವಳ ಮನೆಗೆ ನಡೆದೇ ಹೋದರು.

"ತೇಲಿದ್ನಾ ಸಾ?"

"ತೇಲ್ದೆ ಕಣಮ್ಮ. ಆದ್ರೆ ಮೂಗು ಮಾತ್ರ ನೀರಿನ ಮೇಲಿತ್ತು."

ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ನೇತ್ರಾವತಿ ತಲೆಯೆತ್ತಲೂ ಇಲ್ಲ. "ಉಸ್ರಾಡಕ್ಕೆ ಅಷ್ಟು ಸಾಕು ಬುಡಿ ಸಾ."