ಅಕ್ಕನ ಗ್ಯಾಸ್ಕೆಟ್ ಗೋಡೆ

ಹಾಲಿನ ವ್ಯಾನಿನ ಡ್ರೈವರು ಅಂದು ಏರಿನ ಅರ್ಧದಲ್ಲಿ ದೇವರಿಗೆ ಕೈಮುಗಿದ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯವರೆಗೆ ಹೋಗಿ, ಅಲ್ಲಿ ಒಂದು ಗಳಿಗೆ ನಡುಗಿ, ಆಮೇಲೆ ತಾನಾಗಿಯೇ ಸರ್ರನೆ ಇಳಿದು ಎಡಮೂಲೆಯಲ್ಲಿ ಮಲಗಿಬಿಟ್ಟಿತ್ತು. ‘ಸದ್ಯ, ತಣ್ಣಗಾಯಿತು’ ಅಂದುಕೊಂಡ ಜಾಣ. ಆ ಖುಷಿಗೆ ಆಕ್ಸಿಲರೇಟರನ್ನು ಇನ್ನಷ್ಟು ತುಳಿದ, ಒಂದು ಹಾಡನ್ನೂ ಶುರುಮಾಡಿದ. ಮುಳ್ಳು ಇಳಿದದ್ದು ಬಿಸಿ ಇಳಿದದ್ದಕ್ಕಲ್ಲ, ಅಳೆಯುವುದಕ್ಕೆ ಒಳಗೆ ನೀರೇ ಉಳಿಯದೆ ಹೋದದ್ದಕ್ಕೆ ಎಂಬುದು ಅವನಿಗೆ ತಿಳಿದದ್ದು, ಹಾಡಿನ ಎರಡನೇ ಸಾಲಿಗೆ ಬಾನೆಟ್ಟಿನ ಅಡಿಯಿಂದ ಬಿಳಿ ಹೊಗೆ ಎದ್ದಾಗ. ಇದನ್ನು ಬರೆಯುತ್ತಿರುವವನಿಗೆ ಆ ಜಾಣನ ಪರಿಚಯ ಚೆನ್ನಾಗಿಯೇ ಇದೆ. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಬೋಳಿಸುವುದು ಅವನ ಗಡ್ಡವನ್ನೇ.

ವ್ಯಾನನ್ನು ಹಗ್ಗ ಕಟ್ಟಿ ಎಳೆದು ತಂದದ್ದು ಅಕ್ಕನ ವರ್ಕ್‌ಶಾಪಿಗೆ. ಐವತ್ತು ದಾಟಿದ ಹೆಂಗಸು. ಗಂಡಸರ ಖಾಕಿ ಅಂಗಿ, ಮಡಿಸಿದ ತೋಳು, ಕಿವಿಯ ಹಿಂದೆ ಒಂದು ಸೀಮೆಸುಣ್ಣದ ತುಂಡು. ಅವಳು ಬೀದಿಗೆಲ್ಲ ಅಕ್ಕನಾದ್ದರಿಂದ, ಪಕ್ಕದ ಕೋಣೆಯಲ್ಲಿ ಲೋಹ ಕಡೆಯುವ ಲೇತ್ ನಡೆಸುವ ಅವಳ ಗಂಡ, ಪಾಪ, ಯಾರೂ ಕೇಳದೆಯೇ ಬೀದಿಗೆಲ್ಲ ಭಾವನಾಗಿಬಿಟ್ಟಿದ್ದ. ಭಾವ ದಿನಕ್ಕೆ ನಾಲ್ಕು ಮಾತಾಡುವ ಆಸಾಮಿ. ಅದರಲ್ಲಿ ಮೂರು “ಸರಿ”.

ಒಳಗೋಡೆಯ ತುಂಬ ಮೊಳೆ ಹೊಡೆದು ಸುಟ್ಟ ಗ್ಯಾಸ್ಕೆಟ್ಟುಗಳನ್ನು ತೂಗುಹಾಕಿದ್ದರು. ಇಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂತು, ನೀರು, ಎಣ್ಣೆ, ಬೆಂಕಿ ಮೂರೂ ಒಂದಕ್ಕೊಂದು ಸೇರದಂತೆ ಕಾಯುವ ತೆಳು ಹಾಳೆಗಳವು. ಅವುಗಳನ್ನು ನೋಡಿ, ಊರಿನ ದಡ್ಡರ ಪಟ್ಟಿಯನ್ನೇ ನೋಡಿದಂತಾಯಿತು ಡ್ರೈವರಿಗೆ.

ಹಿಂದೆಯೇ ಡೈರಿಯ ಯಜಮಾನರು ಬಂದರು. “ಎರಡು ವರ್ಷದಲ್ಲಿ ಇದು ಮೂರನೇ ಸಲ ಕುದಿದಿರೋದು. ಸೋಮವಾರ ಕ್ಯಾನು ತುಂಬ್ಕೊಂಡು ಏರು ಹತ್ತಿದ್ರೆ ಗಾಡಿ ಇರುತ್ತೆ. ಇಲ್ಲಾಂದ್ರೆ ಗುಜರಿಗೆ. ಗಾಡೀನೇ ಇಲ್ಲದ ಮೇಲೆ ಡ್ರೈವರ್ ಯಾಕಪ್ಪಾ ನನಗೆ?” ಎಂದು ಹೇಳಿ ಹೋದರು. ಡ್ರೈವರಿನ ಮನೆಯಲ್ಲಿ ಅಮ್ಮ, ಇನ್ನೂ ಓದುವ ತಂಗಿ, ದುಡಿಯುವವನು ಇವನೊಬ್ಬ.

ಅಕ್ಕ ಬಾನೆಟ್ ಎತ್ತಿ ಕೇಳಿದಳು. “ಮುಳ್ಳು ಏನು ಹೇಳ್ತು?”

“ಕೆಳಗೇ ಇತ್ತಕ್ಕಾ.”

“ಮೊದಲಿಂದ ಕೆಳಗಿತ್ತೋ, ಮೇಲೆ ಹೋಗಿ ಕೆಳಗೆ ಬಂತೋ?”

ಅವನು ತನ್ನ ಚಪ್ಪಲಿ ನೋಡಿಕೊಂಡ.

“ಗಾಡಿ ಓಡಿಸಿದ್ದು ಚಪ್ಪಲಿ ಅಲ್ಲ. ನನ್ನ ನೋಡಿ ಹೇಳು.”

“ಮೇಲೆ ಹೋಗಿ… ಬಂತು.”

“ಖುಷಿಯಾಯ್ತಾ?”

“ಹಾಡು ಹೇಳ್ದೆ.”

ಅಕ್ಕ ನಕ್ಕ ಭರಕ್ಕೆ ಕಿವಿಯ ಸೀಮೆಸುಣ್ಣ ಕೆಳಗೆ ಬಿತ್ತು. “ರೀ, ಕೇಳಿದ್ರಾ? ಇಂಜಿನ್ ಸುಡ್ತಾ ಇದ್ರೆ ಹಾಡು ಹೇಳಿದನಂತೆ!”

ಲೇತಿನ ಕೋಣೆಯಿಂದ ಉತ್ತರ ಬಂತು: “ಸರಿ.”

“ಯಜಮಾನ್ರಿಗೆ ಏನಂದೆ?”

“ಮುಳ್ಳು ಕೆಳಗಿತ್ತು ಅಂತ ಅಷ್ಟೇ.”

“ಸುಳ್ಳಲ್ಲ ಬಿಡು. ಸುಳ್ಳಿನ ಚಿಕ್ಕಪ್ಪನ ಮಗ.” ಅಕ್ಕ ಸೀಮೆಸುಣ್ಣ ಎತ್ತಿಕೊಂಡಳು. “ಇಂಜಿನ್ ತಪ್ಪು ನಾನು ಹೇಳ್ತೀನಿ. ನಿನ್ನ ತಪ್ಪು ನೀನು ಹೇಳು. ಈಗ ಬೇಡ, ಏರು ಹತ್ತಿದ ಮೇಲೆ. ಈಗ ತೋಳು ಮಡಿಸು. ಸುಟ್ಟವನೇ ಕಟ್ಟಬೇಕು, ಇಲ್ಲಿನ ಕಾನೂನು ಅದು.”

ಸ್ಪ್ಯಾನರ್ ಹಿಡಿಯಲು ಬರದ ಕೈಗಳು ಅವನವು. ಬಿಚ್ಚಿದ್ದನ್ನೆಲ್ಲ ಹಳೆಯ ಬೆಡ್‌ಶೀಟಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡಿಸಿದಳು. ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಅದರಡಿ ತಗಡಿನ ಎಸಳೊಂದನ್ನು ತೂರಿಸಿ ತೋರಿಸಿದಳು. ಶಾಖಕ್ಕೆ ಹೆಡ್ಡು ಬಾಗಿತ್ತು. ರೇಡಿಯೇಟರಿನ ಕೊಳವೆಗಳಲ್ಲಿ ಗಡಸು ನೀರಿನ ಸುಣ್ಣ ಕಟ್ಟಿ, ಸೂಜಿಯೂ ತೂರುವಂತಿರಲಿಲ್ಲ. ನೀರನ್ನು ಹದ ನೋಡಿ ಬಿಡುವ ಪುಟ್ಟ ಥರ್ಮೋಸ್ಟಾಟನ್ನು ಯಾರೋ ಮಹಾನುಭಾವ ಹಿಂದೆಯೇ ಕಿತ್ತೆಸೆದಿದ್ದ.

“ನೋಡು, ಎಲ್ಲ ನಿನ್ನೊಬ್ಬನ ತಪ್ಪಲ್ಲ,” ಎಂದಳು ಅಕ್ಕ. ಅವನ ಮುಖ ಅರಳುವಷ್ಟರಲ್ಲಿ, “ಕೊನೇ ಹೊಡೆತ ಮಾತ್ರ ನಿಂದೇ,” ಎಂದು ಸೇರಿಸಿದಳು.

ಭಾವ ಹೆಡ್ಡನ್ನು ಉಜ್ಜಿ ಕನ್ನಡಿಯಂತೆ ಮಟ್ಟ ಮಾಡಿಕೊಟ್ಟ. ಪಿಸ್ಟನ್ನಿಗೆ ಹೊಸ ರಿಂಗು, ಎರಡು ಸಾಲು ಕೊಳವೆಯ ರೇಡಿಯೇಟರ್ ಇದ್ದ ಕಡೆ ಮೂರು ಸಾಲಿನದು, ಫ್ಯಾನಿನ ಗಾಳಿ ಆಚೀಚೆ ಸೋರದಂತೆ ಸುತ್ತ ತಗಡಿನ ಕವಚ. ಹೆಡ್ಡಿನ ಬೋಲ್ಟು ಬಿಗಿಯುವಾಗ ಡ್ರೈವರು ಒಂದು ತುದಿಯಿಂದ ಸಾಲಾಗಿ ಹೊರಟಿದ್ದೇ ತಡ, ಮಣಿಕಟ್ಟಿಗೆ ಅಕ್ಕನ ಏಟು ಬಿತ್ತು.

“ಕ್ಯೂ ನಿಂತಿದಾವಾ ಅವು? ನಡುವಿಂದ ಶುರು ಮಾಡು, ಹೊರಗೆ ಬಾ. ಮೂರು ಸುತ್ತು, ಸ್ವಲ್ಪ ಸ್ವಲ್ಪ. ಒಂದೇ ಕಡೆ ಬಿಗಿದ್ರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತೆ. ಮನುಷ್ಯರ ಹಾಗೇನೇ.”

ಮಧ್ಯಾಹ್ನ ಡಬ್ಬಿಯ ಮುಚ್ಚಳಕ್ಕೆ ಅರ್ಧ ಊಟ ಹಾಕಿ ಅವನ ಕಡೆ ತಳ್ಳುತ್ತಿದ್ದಳು. ಬೇಕೋ ಬೇಡವೋ ಎಂದು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ಅಷ್ಟು ಬೈದು ಅಷ್ಟು ಬಡಿಸಿದವರು ಅವನಿಗೆ ಅಮ್ಮನ ನಂತರ ಇವಳೇ.

ಕೊನೆಗೆ ರೇಡಿಯೇಟರಿನ ಮೇಲ್ಭಾಗಕ್ಕೆ ಒಂದು ವೈರು ಎಳೆದು, ಸ್ಟೀರಿಂಗಿನ ಪಕ್ಕ ಪುಟ್ಟ ಬಝರ್ ಕೂರಿಸಿದಳು. “ಮುಳ್ಳನ್ನ ನಂಬಿ ಕೆಟ್ಟೆಯಲ್ಲ, ಅದಕ್ಕೆ ಇದು. ನೀರು ಇಳಿದ್ರೆ ಕೂಗುತ್ತೆ. ನಿನ್ನ ಹಾಡಿಗಿಂತ ಜೋರಾಗಿ.”

ಸೋಮವಾರ ಬೆಳಿಗ್ಗೆ ತುಂಬಿದ ಕ್ಯಾನುಗಳು ಹಿಂದೆ, ಯಜಮಾನರು ಪಕ್ಕದಲ್ಲಿ. ಏರು ಶುರುವಾದಂತೆ ಮುಳ್ಳೂ ಏರಿತು. ಆದರೆ ನಡುಗೆರೆಗೆ ಬಂದದ್ದೇ, ಹೇಳಿ ಮಾಡಿಸಿದಂತೆ ಅಲ್ಲಿ ನಿಂತಿತು. ಅಂದು ಹೊಗೆ ಎದ್ದ ಜಾಗವನ್ನು ಗಾಡಿ ದಾಟಿತು, ಮುಳ್ಳು ನಿಂತೇ ಇತ್ತು. ಏರಿನ ನೆತ್ತಿಯಲ್ಲಿ ಅವನು ಗಾಡಿ ಬದಿಗೆ ಹಾಕಿ, ಇಂಜಿನ್ ಆರಿಸದೆಯೇ, ಅಂದಿನ ಮುಳ್ಳಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿಬಿಟ್ಟ. ಹಾಡನ್ನೂ ಬಿಡಲಿಲ್ಲ.

ಯಜಮಾನರು ಅವನ ಕಡೆ ತಿರುಗಿದರು. “ಯಾವ ಹಾಡು?”

ಹೇಳಿದ.

“ಅದನ್ನ ಮಾತ್ರ ನನ್ನ ಗಾಡೀಲಿ ಇನ್ನೊಂದ್ಸಲ ಹಾಡ್ಬೇಡ. ನಡಿ, ಹೊತ್ತಾಯ್ತು. ನಾಳೆ ಬೇಗ ಬಾ.”

‘ನಾಳೆ’ ಎಂಬ ಮಾತು ಅಷ್ಟು ಸವಿಯಾಗಿರುತ್ತದೆಂದು ಅವನಿಗೆ ಅಂದೇ ಗೊತ್ತಾದದ್ದು.

ಹಾಲು ಇಳಿಸಿದವನೇ ಅಕ್ಕನಿಗೆ ಕೃತಜ್ಞತೆ ಹೇಳಲು ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದ. ಬಾಯಿ ತೆರೆಯುವ ಮೊದಲೇ ಅಕ್ಕ ಸುತ್ತಿಗೆ, ಮೊಳೆ, ಅವನ ಸುಟ್ಟ ಗ್ಯಾಸ್ಕೆಟ್ಟು ಮೂರನ್ನೂ ಕೈಗಿಟ್ಟಳು. ಅವನು ಗೋಡೆಗೆ ಮೊಳೆ ಹೊಡೆದು, ತನ್ನ ದಡ್ಡತನವನ್ನು ನೆಟ್ಟಗೆ ತೂಗುಹಾಕಿ, ಹಿಂದೆ ಸರಿದು ನೋಡಿದ. ಕೆಳಮೂಲೆಯಲ್ಲಿ ಎಲ್ಲಕ್ಕಿಂತ ಹಳೆಯವು ನಾಲ್ಕಿದ್ದವು, ಎಲ್ಲಕ್ಕಿಂತ ಕಪ್ಪಾಗಿ, ನಾಲ್ಕೂ ಒಂದೇ ಅಳತೆಯವು. ಕೇಳಬಾರದಿತ್ತು, ಕೇಳಿಯೇಬಿಟ್ಟ.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ನೀವೇ ಸುಟ್ಟಿದ್ದು ಯಾವುದಾದ್ರೂ…?”

ಪಕ್ಕದ ಕೋಣೆಯಲ್ಲಿ ಲೇತ್ ನಿಂತಿತು. ಅಕ್ಕ ಕೈಯ ಗ್ರೀಸು ಒರೆಸಿಕೊಂಡಳು.

“ಕೆಳಗಿನ ನಾಲ್ಕೂ ನಂದೇ. ಆಗ ನಾನು ಲಾರಿ ಡ್ರೈವರು. ನಾಲ್ಕನೇದಕ್ಕೆ ಕೆಲಸದಿಂದ ಓಡಿಸಿದ್ರು. ಮೊದಲನೇದು ಸುಟ್ಟಾಗಲೇ ಯಾರಾದ್ರೂ ಕೈಗೆ ಸ್ಪ್ಯಾನರ್ ಕೊಟ್ಟಿದ್ರೆ ಒಂದಕ್ಕೇ ನಿಲ್ಲಿಸ್ತಿದ್ದೆ. ನಿನಗೆ ಕೊಟ್ಟಿದ್ದೀನಿ, ನೀನು ನಿಲ್ಲಿಸು. ಗೋಡೇಲಿ ಜಾಗ ಇಲ್ಲ.”