ಮುಂದಿನ ಸಾಲಿನ ಎಡಗಾಲು

ನಾನು ದೈಹಿಕ ಶಿಕ್ಷಣದ ಟೀಚರು. ಔರಾದ ತಾಲ್ಲೂಕಿನ ನಮ್ಮ ಶಾಲೆಯ ಮೈದಾನದಲ್ಲಿ ನಿಂತು "ಸಾವಧಾನ್!" ಎಂದರೆ ದೂರದ ಸಂತಪುರದಲ್ಲಿ ಬಸ್ಸಿಗೆ ಕಾಯುವವರೂ ನೆಟ್ಟಗಾಗುತ್ತಾರೆಂದು ಜೊತೆಯ ಮಾಸ್ತರರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಗಂಟಲು ದೊಡ್ಡದಿಲ್ಲದಿದ್ದರೆ ಆ ಮಕ್ಕಳು ಯಾರ ಮಾತು ಕೇಳುತ್ತಾರೆ?

ಇಂಥ ನಾನು ಐವತ್ತರ ಹೊಸ್ತಿಲಲ್ಲಿ ಭರತನಾಟ್ಯಕ್ಕೆ ಸೇರಿದೆ. ಕಾರಣ ಒಬ್ಬಳು ಹುಡುಗಿ. ಹಿಂದೆ ನನ್ನ ಕೈಯಲ್ಲಿ ಖೋ ಖೋ ಕಲಿತವಳು, ಈಗ ಬೀದರಿನಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಮಹಡಿಯೊಂದನ್ನು ಬಾಡಿಗೆಗೆ ಹಿಡಿದು ನೃತ್ಯದ ಕ್ಲಾಸು ಶುರು ಮಾಡಿದ್ದಳು. ಕ್ಲಾಸಿನ ಪೂಜೆಗೆ ಕರೆಯಲು ಬಂದಾಗ ನಾನು ತಮಾಷೆಗೆ, "ನನ್ನಂಥಾಕಿಗೂ ಕಲಸ್ತೀಯೇನು?" ಎಂದೆ.

"ಯಾಕ ಕಲಸಂಗಿಲ್ರಿ ಟೀಚರ್, ಬರ್ರಿ" ಎಂದಳು. ಅವಳೂ ತಮಾಷೆಗೇ ಅಂದಿರಬೇಕು. ಆದರೆ ಅವಳು ಹೋದ ಮೇಲೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಇಷ್ಟು ವರ್ಷ ಊರ ಮಕ್ಕಳನ್ನೆಲ್ಲ ಕುಣಿಸಿದೆ, ನಾನು ಕುಣಿದದ್ದು ಯಾವಾಗ? ಭಾನುವಾರ ಬೆಳಿಗ್ಗೆ ಓಢಣಿಯನ್ನು ಸೊಂಟಕ್ಕೆ ಬಿಗಿದು ಹೊರಟೇಬಿಟ್ಟೆ. ಹೊತ್ತು ಕಳೆಯಲು ಹೋದದ್ದಲ್ಲ. ನನಗೆ ನಿಜವಾಗಿ ಕಲಿಯಬೇಕಿತ್ತು, ಎಲ್ಲರ ಹಾಗೆ ಬೈಸಿಕೊಂಡೇ ಕಲಿಯಬೇಕಿತ್ತು.

ಮೊದಲ ದಿನವೇ ಪಜೀತಿ. ಪಾಠಕ್ಕೆ ಮುಂಚೆ ಗುರುವಿನ ಕಾಲು ಮುಟ್ಟುವುದು ರೂಢಿ. ಚಿಕ್ಕ ಚಿಕ್ಕ ಹುಡುಗಿಯರೆಲ್ಲ ಸರಸರ ಮುಟ್ಟಿ ಹೋದರು. ನಾನು ಬಗ್ಗಿದೆ. "ಅಯ್ಯಯ್ಯೋ ಟೀಚರ್, ನನಗ ಪಾಪ ಹತ್ತತದ್ರಿ!" ಎಂದು ಅವಳು ನನ್ನ ಕಾಲಿಗೆ ಬಗ್ಗಿದಳು. ತಲೆಗೆ ತಲೆ ಢಿಕ್ಕಿ. ಹುಡುಗಿಯರೆಲ್ಲ ಒಟ್ಟಾಗಿ, "ಇನ್ನೊಮ್ಮೆ ಹೊಡ್ಕೋರಿ, ಇಲ್ಲಂದ್ರ ಕೊಂಬು ಬರ್ತಾವ!" ಎಂದು ಕೂಗಿದರು. ಕೊಂಬಿನ ಭಯಕ್ಕೆ ಗುರು ಶಿಷ್ಯೆಯರು ಇನ್ನೊಮ್ಮೆ ಮೆಲ್ಲಗೆ ತಲೆ ತಾಗಿಸಿಕೊಂಡೆವು.

ಎತ್ತರದವರು ಹಿಂದೆ ನಿಲ್ಲಬೇಕು. ಇದು ನಾನೇ ಅವಳಿಗೆ ಮೈದಾನದಲ್ಲಿ ಹೇಳಿಕೊಟ್ಟದ್ದು. ಆದರೆ "ಟೀಚರ್ ಹಿಂದ ನಿಂತರ ಹ್ಯಾಂಗ್ರಿ?" ಎಂದು ಕೈ ಹಿಡಿದು ಮುಂದಿನ ಸಾಲಿನ ನಡುವೆ ನಿಲ್ಲಿಸಿದಳು. ಮಣೆಯ ಮೇಲೆ ಕೋಲು ಬಡಿಯುತ್ತ ಪಾಠ ಹೇಳುವಾಗ ಹುಡುಗಿಯರಿಗೆ, "ಮೊಣಕಾಲು ಹೊರಗ! ಬೆನ್ನು ನೆಟ್ಟಗ! ಲಕ್ಷ್ಯ ಎಲ್ಲದ?" ಎಂದು ಗದರುತ್ತಿದ್ದಳು. ನನ್ನ ಕಡೆ ತಿರುಗಿದರೆ ದನಿ ಬೆಣ್ಣೆಯಾಗುತ್ತಿತ್ತು: "ಛಲೋ ಬರ್ಲತ್ತದ್ರಿ ಟೀಚರ್." ತಪ್ಪಿದರೂ ಛಲೋ, ತೂರಾಡಿದರೂ ಛಲೋ. ಒಮ್ಮೆ ನಾನು ಬಿದ್ದೆ, ಆಗಲೂ "ಛಲೋ" ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

ಹೊಗಳಿಕೆ ಯಾರಿಗೆ ಬೇಡ? ನಾನೂ ಉಬ್ಬಿದೆ. ಭಾಲ್ಕಿಯಲ್ಲಿರುವ ಅವ್ವನಿಗೆ ಫೋನ್ ಮಾಡಿ, ಕ್ಲಾಸಿನ ಮೊದಲ ಕಾರ್ಯಕ್ರಮ ನಿಮ್ಮೂರಲ್ಲೇ, ನಾನೂ ಕುಣಿಯುತ್ತೇನೆ ಎಂದು ಹೇಳಿದೆ. ಅವ್ವ ಮೊದಲು "ಈ ವಯಸ್ಸಿನ್ಯಾಗ ಇದೇನು ಹುಚ್ಚು" ಎಂದಳು. ಸಂಜೆಯೊಳಗೆ ಇಡೀ ಓಣಿಗೆ ಡಂಗುರ ಸಾರಿದಳು.

ಕಾರ್ಯಕ್ರಮ ಹತ್ತಿರ ಬಂದಾಗ ಒಂದು ಮಗುವಿನ ತಾಯಿ ಕ್ಲಾಸಿಗೆ ಬಂದು ಗೋಡೆಗೆ ಆತು ಕೂತು ನೋಡಿದರು. ಪಾಠ ಮುಗಿದ ಕೂಡಲೇ, "ಮಿಸ್, ನಮ್ಮಾಕಿ ಮೊದಲ ಬಲಗಾಲು ಎತ್ತತಿದ್ಳರಿ. ಈಗ ಇಡೀ ಸಾಲೇ ಎಡಗಾಲು ಎತ್ತಲತ್ತದಲ್ಲ?" ಎಂದು ಕೇಳಿದರು.

ಗುರುವಿನ ಮುಖ ಕೆಂಪಾಯಿತು. "ಅದು... ಹೊಸಾ ಪದ್ಧತಿರಿ" ಎಂದಳು.

ನನಗೆ ಆಗ ಝಲ್ಲೆಂದಿತು. ಭರತನಾಟ್ಯದಲ್ಲಿ ಮೊದಲು ತಟ್ಟುವುದು ಬಲಗಾಲು. ಕವಾಯತಿನಲ್ಲಿ ಮೊದಲು ಏಳುವುದು ಎಡಗಾಲು. "ಲೆಫ್ಟ್ ರೈಟ್" ಎಂದು ಕೂಗಿ ಕೂಗಿ ನನ್ನ ಎಡಗಾಲು ನನ್ನನ್ನು ಕೇಳದೆಯೇ ಏಳುತ್ತಿತ್ತು. ನನ್ನ ಅಗಲ ಬೆನ್ನಿನ ಹಿಂದಿದ್ದ ಮಕ್ಕಳಿಗೆ ಗುರು ಕಾಣುತ್ತಿರಲಿಲ್ಲ, ನನ್ನ ಕಾಲು ಮಾತ್ರ ಕಾಣುತ್ತಿತ್ತು. ಪಾಪ, ಅವು ಅದನ್ನೇ ಕಲಿತಿದ್ದವು.

ಎಲ್ಲರೂ ಹೋದ ಮೇಲೆ ಅವಳನ್ನು ಕೇಳಿದೆ, "ನಾ ತಪ್ಪು ಕಾಲು ಎತ್ತಲತ್ತೇನಿ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ಹೇಳಲಿಲ್ಲ ಯಾಕ?"

"ನಿಮಗ ಹ್ಯಾಂಗ ಹೇಳ್ಲಿರಿ ಟೀಚರ್?"

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ದಿನ ನಾನು ಕಲಿಯುತ್ತಿದ್ದೇನೆ ಎಂದುಕೊಂಡಿದ್ದೆ, ಅವಳು ನನ್ನನ್ನು ಅತಿಥಿಯ ಹಾಗೆ ಕೂರಿಸಿ ಉಪಚಾರ ಮಾಡುತ್ತಿದ್ದಳು. ಅವಳ ಕ್ಲಾಸಿನ ಇಜ್ಜತ್ತೂ ಮಣ್ಣುಪಾಲಾಗುವುದರಲ್ಲಿತ್ತು. "ನೀ ನನಗ ಬೈಬೇಕು" ಎಂದೆ.

"ಆಗಂಗಿಲ್ರಿ."

"ಬೈತೀಯೋ ಇಲ್ಲೋ?" ಎಂದು ನಾನು ಗರ್ಜಿಸಿದ್ದಕ್ಕೆ ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡಿದರು.

ಅವಳು ಮೆಲ್ಲಗೆ, "ಟೀಚರ್, ಜರಾ ಬಲಗಾಲು ಎತ್ತಿದ್ರ... ಛಲೋ ಕಾಣ್ತದೇನೋರಿ" ಎಂದಳು. ಇದೇನು ಬೈಗುಳವೋ ಕೈಮುಗಿದು ಬೇಡಿಕೊಳ್ಳುವುದೋ! ನನಗೆ ಸಿಟ್ಟಿನಲ್ಲೂ ನಗು ಬಂತು. ಅವಳೂ ನಕ್ಕಳು. ಇಬ್ಬರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಮರುವಾರ ನಾನಾಗಿಯೇ ಹಿಂದಿನ ಸಾಲಿಗೆ ಹೋದೆ. ಮಕ್ಕಳಿಗೆ ಗುರು ಕಂಡಳು, ಅವರ ಕಾಲುಗಳು ತಾವಾಗಿ ಸರಿಹೋದವು. ನನ್ನದು ಸರಿಹೋಗಲಿಲ್ಲ. ಅನ್ನಕ್ಕೆ ನೀರಿಡುವಾಗ, ಬಸ್ಸಿಗೆ ಕಾಯುವಾಗ, ಎಲ್ಲೆಂದರಲ್ಲಿ ಬಲಗಾಲು ತಟ್ಟಿ ತಟ್ಟಿ ಹೈರಾಣಾದೆ. ಕೋಲಿನ ಸದ್ದು ಕಿವಿಗೆ ಬಿದ್ದರೆ ಸಾಕು, ಆ ಹಾಳು ಎಡಗಾಲು ಎದ್ದೇಳುತ್ತಿತ್ತು.

ಕೊನೆಯ ತಾಲೀಮಿನಲ್ಲೂ ಹಾಗೇ ಆಯಿತು. ಅವಳು ಕೋಲು ನಿಲ್ಲಿಸಿದಳು. ಎದ್ದು ಬಂದು ನನ್ನೆದುರು ನಿಂತಳು. ದನಿ ಬೆಣ್ಣೆಯಾಗಲಿಲ್ಲ. "ಟೀಚರ್, ಈ ಸಲ ನೀವು ಬ್ಯಾಡ್ರಿ. ನಿಮಗಿನ್ನೂ ಬಂದಿಲ್ಲ. ದಿನಾ ಬಂದು ಕಲೀರಿ, ಮುಂದಿನ ಸಲ ನೋಡೋಣ."

ಎದೆಯಲ್ಲಿ ಚುಳ್ಳೆಂದಿತು, ಸುಳ್ಳೇಕೆ ಹೇಳಲಿ. ಭಾಲ್ಕಿಯ ಓಣಿಗೆ ಓಣಿಯೇ ಕಣ್ಣಮುಂದೆ ಬಂತು. ಆದರೆ ಅದರ ಬೆನ್ನಿಗೇ ಎಂಥದೋ ಖುಷಿಯಾಯಿತು. ಕ್ಲಾಸಿಗೆ ಸೇರಿದ ಮೇಲೆ ಮೊದಲ ಸಲ ನನಗೆ ಯಾರೋ ಖರೇ ಪಾಠ ಹೇಳಿದ್ದರು. "ಹೂಂ" ಎಂದು ಸಾಲು ಬಿಟ್ಟು ಗೋಡೆಯ ಕಡೆ ಹೋದೆ.

ಭಾಲ್ಕಿಯಲ್ಲಿ ಕಾರ್ಯಕ್ರಮದ ದಿನ ಅವ್ವನ ಪಕ್ಕದಲ್ಲಿ ಕೂತೆ. ಪುಟ್ಟ ಬಲಗಾಲುಗಳೆಲ್ಲ ಒಟ್ಟಿಗೇ ಎದ್ದು ಒಟ್ಟಿಗೇ ಬಿದ್ದವು. ನಾನು ತಡೆಯಲಾರದೆ ಸಿಳ್ಳೆ ಹಾಕಿದೆ, ಅವ್ವ ತೊಡೆಗೆ ಚಿವುಟಿದಳು. ಕೊನೆಗೆ ಎಲ್ಲರೂ ಏಳತೊಡಗಿದಾಗ, "ಯವ್ವಾ, ನೀ ಯಾವಾಗ ಕುಣಿತಿ?" ಎಂದು ಅವ್ವ ಕೇಳಿದಳು.

"ನಾ ಈ ಸಲ ಇಲ್ಲವ್ವ. ಇನ್ನೂ ಬಂದಿಲ್ಲ, ಬ್ಯಾಡ ಅಂದ್ರು."

"ನಿನಗ ಬ್ಯಾಡ ಅಂದ್ರಾ? ಅದ್ಯಾರು ಅಂದಾಕಿ?" ಅವ್ವ ಜಗಳಕ್ಕೇ ಸೆರಗು ಸಿಕ್ಕಿಸಿದಳು.

ವೇದಿಕೆಯ ತುದಿಯಲ್ಲಿ ಆ ಹುಡುಗಿ ಜನರಿಗೆಲ್ಲ ಕೈ ಮುಗಿಯುತ್ತ ನಿಂತಿದ್ದಳು. ನಾನು ಅತ್ತ ಬೆರಳು ತೋರಿಸಿದೆ.

"ನಮ್ಮ ಟೀಚರ್" ಎಂದೆ.