ಕೆಂಪು ಸೈಕಲ್ಲಿಗೆ ನಿಂಬೆಹಣ್ಣಿನ ಪರೀಕ್ಷೆ

ಒಂದು ನಿಂಬೆಹಣ್ಣು ಒಡೆಯೋಕೆ ಎಷ್ಟು ಜನ ಸೈಕಲ್ ಹತ್ತಬೇಕು, ಹೇಳಿ ನೋಡೋಣ? ಗೊತ್ತಾಗಲ್ಲ ಬಿಡಿ. ಶಿವಾಜಿನಗರದ ಸೈಕಲ್ ಅಂಗಡಿಗೆ ಕೆಲಸಕ್ಕೆ ಸೇರೋವರೆಗೂ ನನಗೂ ಗೊತ್ತಿರಲಿಲ್ಲ.

ವಿಮಾನಪುರದಿಂದ ಒಬ್ಬ ಅಜ್ಜಿ ಎರಡು ವರ್ಷದ ಮೊಮ್ಮಗನ್ನ ಎತ್ಕೊಂಡು ಬಂದ್ರು. ಮಗು ಕೆಂಪು ಬಣ್ಣದ ಮೂರು ಚಕ್ರದ ಸೈಕಲ್ ಹತ್ತಿ ಕೂತಿದ್ದು ಇಳಿಯೋದೇ ಇಲ್ಲ. ಅಜ್ಜಿ ಚೀಲದಿಂದ ನಿಂಬೆಹಣ್ಣು ತೆಗೆದು ಮುಂದಿನ ಚಕ್ರದ ಕೆಳಗಿಟ್ಟರು.

"ಗಾಡಿ ಹರಿದ್ರೆ ಹಣ್ಣು ಒಡೀಬೇಕು. ಒಡೀಲಿಲ್ಲ ಅಂದ್ರೆ ಆ ಗಾಡಿ ಮನೆಗೆ ಬೇಡ."

ನಾನು ತಳ್ಳಿದೆ. ಪ್ಲಾಸ್ಟಿಕ್ ಚಕ್ರ ಹಣ್ಣಿಗೆ ಮುತ್ತು ಕೊಟ್ಟು ವಾಪಸ್ ಬಂತು.

"ಬೇರೆ ತೋರ್ಸಪ್ಪಾ" ಅಂದರು ಅಜ್ಜಿ. ಮಗು ಅಂಗಡಿ ಹಾರಿಹೋಗೋ ಹಾಗೆ ಅಳೋಕೆ ಶುರು ಮಾಡ್ತು.

"ಡ್ರೈವರ್ ತೂಕ ಸಾಲ್ದು ಅಜ್ಜಿ, ಕಂಡಕ್ಟರ್ ಬೇಕು" ಅಂತ ನಾನೂ ಹಿಂದೆ ಹತ್ತಿ ನಿಂತೆ.

ಅಂಗಡಿ ಸಾಹುಕಾರ್ರು "ಅರೇ, ಇಳಿಯೋ ಕೆಳಗೆ!" ಅಂತ ಕೂಗೋದಕ್ಕೂ ಹಿಂದಿನ ಚಕ್ರ ಲಟಕ್ ಅನ್ನೋದಕ್ಕೂ ಸರಿಹೋಯ್ತು. ನಿಂಬೆಹಣ್ಣು ಮಾತ್ರ ಹಾಗೇ ಇತ್ತು.

ಅಜ್ಜಿ ನಕ್ಕುಬಿಟ್ಟರು. "ಏನೋ ಒಂದು ಒಡೀತಲ್ಲ, ದೃಷ್ಟಿ ಹೋಯ್ತು ಬಿಡು. ಇಂಥದ್ದೇ ಇನ್ನೊಂದು ಕೊಡು."

ಮಗು ಅತ್ತೂ ಅತ್ತೂ ಇನ್ನೊಂದು ಕೆಂಪು ಸೈಕಲ್ ಗಿಟ್ಟಿಸಿದ್ದು ನಿಜ. ಅಜ್ಜಿ ನಕ್ಕಿದ್ದು, ಆ ಕೊನೇ ಮಾತು, ಎರಡೂ ನಾನು ಕಟ್ಟಿದ್ದು. ಅವರು ನಿಜವಾಗಿ ಅಂದಿದ್ದನ್ನ ಬರೆದ್ರೆ ನಮ್ಮನೇಲಿ ನನಗೆ ಊಟ ಹಾಕಲ್ಲ.